ಅಳಿಯನ ಮನೆತನದ ಮೊದಲಿಗ ಯಾರು? ‘ವೊರ್ಹೀಸ್’ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ನಾನು ಹಾವೇರಿ ಕಡೆಯವಳು, ನಿವೃತ್ತ ಶಿಕ್ಷಕಿ. ಈಗ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯ ಅಮೆರಿಕದವನೇ, ಮನೆತನದ ಹೆಸರು ವೊರ್ಹೀಸ್. ಐದನೇ ಕ್ಲಾಸಿನ ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಿದ್ದಾರೆ. ನಮ್ಮ ಕಡೆಯದನ್ನು ನಾನೇ ಹೇಳಿ ಬರೆಸಿದೆ. ಬೀಗರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಲೆಂಡಿನಿಂದ ಮೂವರು ಅಣ್ಣತಮ್ಮಂದಿರು ಬಂದರಂತೆ. ಮೊದಲು ‘ವ್ಯಾನ್ ವೊರ್ಹೀಸ್’ ಅಂತ ಇತ್ತಂತೆ, ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ ‘ವ್ಯಾನ್’ ಕತ್ತರಿಸಿಬಿಟ್ಟನಂತೆ. ಹಿರಿಯರೊಬ್ಬರು ಜಾರ್ಜ್ ವಾಷಿಂಗ್ಟನ್ ಸೈನ್ಯದಲ್ಲಿದ್ದರಂತೆ. ಗೋಡೆಯ ಮೇಲೆ ಮನೆತನದ ಲಾಂಛನ ಬೇರೆ ಇದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ವಂಶವೃಕ್ಷ 1200ನೇ ಇಸವಿವರೆಗೂ ಹೋಗುತ್ತದೆ. ಅಳಿಯ ಹುಡುಗನ ಡಿಎನ್‌ಎ ಪರೀಕ್ಷೆ ಮಾಡಿಸೋಣ ಅಂತಿದ್ದಾನೆ. ಯಾವುದನ್ನು ನಂಬಲಿ? ನಮ್ಮೂರಲ್ಲಾದರೆ ಹೆಳವರು ಬಂದು ಏಳು ತಲೆಮಾರು ಹೇಳಿ ಹೋಗುತ್ತಿದ್ದರು. ಇಲ್ಲಿ ಯಾರನ್ನು ಕೇಳೋದು?

ಉತ್ತರ: ಇಲ್ಲಿನ ಹೆಳವರು ಅಂದರೆ ಚರ್ಚಿನ ರಿಜಿಸ್ಟರು, ಜನಗಣತಿ, ಉಯಿಲು, ಕಂದಾಯದ ಪಟ್ಟಿ. ಅವು ತಾವಾಗಿ ಮನೆ ಬಾಗಿಲಿಗೆ ಬರುವುದಿಲ್ಲ, ನಾವೇ ಹೋಗಬೇಕು. ನಾನು ನ್ಯೂಜೆರ್ಸಿಯ ಒಂದು ಸಾರ್ವಜನಿಕ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಇಂಥ ಪ್ರಶ್ನೆಗಳಿಗೇ ಕೂತಿರುವವನು. ನೀವು ಬರೆದ ಐದು ಕಥೆಗಳೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಮೊದಲು ಸಮಾಧಾನದ ಮಾತು. ವೊರ್ಹೀಸ್ ಮನೆತನದ ಮೊದಲಿಗ ಯಾರು ಅಂತ ನೀವು ಹುಡುಕಬೇಕಿಲ್ಲ. ಆ ಕೆಲಸವನ್ನು ಬೇರೆಯವರು ಮಾಡಿ ನೂರು ವರ್ಷದ ಮೇಲಾಯಿತು. ತೊಡಕು ಇರುವುದು ಅವನಿಂದ ನಿಮ್ಮ ಅಳಿಯನವರೆಗಿನ ದಾರಿಯಲ್ಲಿ. ಅದರಲ್ಲೂ 1780ರಿಂದ 1850ರವರೆಗಿನ ತುಂಡು ರಸ್ತೆಯಲ್ಲಿ. ಬಹಳ ಜನ ಮೇಲಿನ ತುದಿ ಹಿಡಿದು ಕೆಳಗೆ ಇಳಿಯಲು ನೋಡುತ್ತಾರೆ, ಅಲ್ಲೇ ದಾರಿ ತಪ್ಪುತ್ತಾರೆ.

ಮೊದಲಿಗನ ಕಥೆ ಚೆನ್ನಾಗಿದೆ, ಹೇಳಿಬಿಡುತ್ತೇನೆ. ಈಗಿನ ನ್ಯೂಯಾರ್ಕ್, ನ್ಯೂಜೆರ್ಸಿ ಭಾಗ ಆಗ ಡಚ್ಚರ ವಸಾಹತು. ‘ನ್ಯೂ ನೆದರ್‌ಲ್ಯಾಂಡ್’ ಅಂತ ಹೆಸರು. 1660ರ ಏಪ್ರಿಲ್‌ನಲ್ಲಿ ‘ಬೊಂಟೆ ಕೂ’, ಅಂದರೆ ‘ಮಚ್ಚೆ ಹಸು’ ಎಂಬ ಹಡಗು ಹಾಲೆಂಡ್ ಬಿಟ್ಟಿತು. ಅದರ ಪ್ರಯಾಣಿಕರ ಪಟ್ಟಿ ಉಳಿದಿದೆ. ಅದರಲ್ಲಿ ವೊರ್ಹೀಸ್ ಅಂತ ಹುಡುಕಿದರೆ ಒಬ್ಬನೂ ಸಿಗುವುದಿಲ್ಲ. ಇರುವುದು ಹೀಗೆ: ಡ್ರೆಂಥ ಪ್ರಾಂತ್ಯದ ಸ್ಟೀವನ್ ಕೂರ್ಟ್ಸ್, ಹೆಂಡತಿ ಮತ್ತು ಏಳು ಮಕ್ಕಳು. ಇವನೇ ನಿಮ್ಮ ಮೊಮ್ಮಗನ ಮೊದಲಿಗ ಇರಬಹುದಾದ ಮನುಷ್ಯ. ಬಂದ ವರ್ಷವೇ ನವೆಂಬರ್‌ನಲ್ಲಿ, ಈಗ ಬ್ರೂಕ್ಲಿನ್‌ಗೆ ಸೇರಿಹೋಗಿರುವ ಫ್ಲ್ಯಾಟ್‌ಲ್ಯಾಂಡ್ಸ್‌ನಲ್ಲಿ, 3,000 ಗಿಲ್ಡರ್ (ಡಚ್ ನಾಣ್ಯ) ಕೊಟ್ಟು ಜಮೀನು ಖರೀದಿ ಮಾಡಿದ. ಹೊಲ, ಕಾಡು, ಉಪ್ಪುನೀರಿನ ಹುಲ್ಲುಗಾವಲು, ಮನೆ, ಜೊತೆಗೆ ಬಿಯರ್ ಕಾಯಿಸುವ ಸಾಮಾನು ಪೀಪಾಯಿಗಳ ಸಮೇತ. ಆಗಲೇ ಅರವತ್ತರ ಆಸುಪಾಸಿನ ವಯಸ್ಸು. ಆ ಪ್ರಾಯದಲ್ಲಿ ಸಂಸಾರ ಕಟ್ಟಿಕೊಂಡು ಸಮುದ್ರ ದಾಟಿದವನು ಕೈಯಲ್ಲಿ ಕಾಸಿಲ್ಲದವನಂತೂ ಅಲ್ಲ.

ಹಾಗಾದರೆ ವೊರ್ಹೀಸ್ ಎಲ್ಲಿಂದ ಬಂತು? ಇದನ್ನು ಕನ್ನಡದವರಿಗೆ ಹೇಳುವುದು ಅಮೆರಿಕದವರಿಗೆ ಹೇಳುವುದಕ್ಕಿಂತ ಸುಲಭ. ನಮ್ಮ ಇನಿಷಿಯಲ್‌ಗಳನ್ನು ನೆನಪಿಸಿಕೊಳ್ಳಿ. ಒಂದು ಅಕ್ಷರ ಊರಿನದು, ಒಂದು ಅಪ್ಪನದು, ಆಮೇಲೆ ಸ್ವಂತ ಹೆಸರು. ಅವತ್ತಿನ ಡಚ್ ಹಳ್ಳಿಗರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಕೂರ್ಟ್‌ನ ಮಗ ಸ್ಟೀವನ್, ಹಾಗಾಗಿ ಸ್ಟೀವನ್ ಕೂರ್ಟ್ಸ್. ಅವನ ಮಕ್ಕಳು ಕೂರ್ಟ್ ಸ್ಟೀವನ್ಸೆ, ಲೂಕಾಸ್ ಸ್ಟೀವನ್ಸೆ, ಆಲ್ಬರ್ಟ್ ಸ್ಟೀವನ್ಸೆ. ಲೂಕಾಸನ ಮಕ್ಕಳು ಮತ್ತೆ ಲೂಕಾಸ್ಸೆ. ತಲೆಮಾರಿಗೊಂದು ಹೆಸರು! ಊರು ಹೇಳಬೇಕಾದಾಗ ಮಾತ್ರ ‘ವ್ಯಾನ್ ವೂರ್ ಹೇಸ್’ ಸೇರಿಸುತ್ತಿದ್ದರು. ಡ್ರೆಂಥ ಪ್ರಾಂತ್ಯದ ರೌನನ್ ಊರಿನ ಹತ್ತಿರ ಹೇಸ್ ಎಂಬ ಪುಟ್ಟ ಹಳ್ಳಿ ಇದೆ. ಆ ಹೇಸ್‌ನ ಮುಂದಿರುವ ಜಾಗದವರು ಅಂತ ಅರ್ಥ. ಹೆಸರಿನಲ್ಲಿ ಬೇರೆ ಯಾವ ಗುಟ್ಟೂ ಇಲ್ಲ.

1664ರಲ್ಲಿ ಇಂಗ್ಲಿಷರು ಈ ವಸಾಹತನ್ನು ಹಿಡಿದುಕೊಂಡರು. ಅವರ ಕೋರ್ಟು, ಜಮೀನು ಪತ್ರ, ಕಂದಾಯ ಎಲ್ಲಕ್ಕೂ ಅಪ್ಪನಿಂದ ಮಗನಿಗೆ ಬದಲಾಗದೆ ಹೋಗುವ ಹೆಸರೇ ಅನುಕೂಲ. ಹಾಗಾಗಿ ಮುಂದಿನ ಒಂದೆರಡು ತಲೆಮಾರಿನಲ್ಲಿ ಡಚ್ ಕುಟುಂಬಗಳು ಒಂದು ಹೆಸರಿಗೆ ನಿಂತವು. ಕೆಲವರು ಊರಿನ ಹೆಸರಿಗೆ, ಕೆಲವರು ಅಪ್ಪನ ಹೆಸರಿಗೆ. ಒಂದೇ ಮನೆಯಿಂದ ಹೊರಟ ಅಣ್ಣತಮ್ಮಂದಿರು ಬೇರೆ ಬೇರೆ ಹೆಸರು ಹಿಡಿದದ್ದೂ ಉಂಟು. ಈ ಮನೆತನದಲ್ಲೇ ವೊರ್ಹೀಸ್, ವೊರ್ಹಿಸ್, ವೊರ್ಹೀಸ್‌ಗೆ ‘ವ್ಯಾನ್’ ಉಳಿಸಿಕೊಂಡವರು, ಬಿಟ್ಟವರು ಎಲ್ಲ ಇದ್ದಾರೆ. ಕಾಗುಣಿತ ಬೇರೆ ಎಂದರೆ ಕುಟುಂಬ ಬೇರೆ ಅಂತ ಆಗ ಯಾರೂ ತಿಳಿದಿರಲಿಲ್ಲ. ಬರೆಯುತ್ತಿದ್ದ ಪಾದ್ರಿಗೆ, ಗುಮಾಸ್ತನಿಗೆ ಕಿವಿಗೆ ಬಿದ್ದದ್ದೇ ಕಾಗುಣಿತ. ಹುಡುಕುವಾಗ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು. 1700ಕ್ಕಿಂತ ಹಿಂದೆ ಹೋದರೆ ವೊರ್ಹೀಸ್ ಅನ್ನೇ ಮರೆತು ಅಪ್ಪನ ಹೆಸರು ಹಿಡಿದು ಹುಡುಕಬೇಕು.

ಇದಕ್ಕೊಂದು ಒಳ್ಳೆಯ ಸಾಕ್ಷಿ ಇದೆ. 1687ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ಲಿನ್ ಭಾಗದ ಗಂಡಸರೆಲ್ಲ ಇಂಗ್ಲಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಆ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಈ ದೇಶಕ್ಕೆ ಬಂದು ಎಷ್ಟು ವರ್ಷವಾಯಿತು ಅಂತ ಬರೆದಿದ್ದಾರೆ. ಇಲ್ಲೇ ಹುಟ್ಟಿದವರಾದರೆ ‘ಇಲ್ಲಿಯವರು’ ಅಂತ. ಸ್ಟೀವನ್‌ನ ಮಕ್ಕಳ ಹೆಸರಿನ ಮುಂದೆ 27 ಇದೆ. 1687ರಲ್ಲಿ 27 ಕಳೆದರೆ ‘ಮಚ್ಚೆ ಹಸು’ ಬಂದ ವರ್ಷವೇ. ಹಡಗಿನ ಪಟ್ಟಿಯನ್ನೂ ಈ ಪಟ್ಟಿಯನ್ನೂ ಬೇರೆ ಬೇರೆಯವರು ಬೇರೆ ಕೆಲಸಕ್ಕೆ ಬರೆದದ್ದು. ಎರಡೂ ತಾಳೆಯಾದರೆ ನಮ್ಮಂಥವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇವೆ.

ಈಗ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ. ಆ ಕೇಂದ್ರ ತೆರೆದದ್ದು 1892ರ ಜನವರಿ 1ಕ್ಕೆ. ನಿಮ್ಮ ಬೀಗರ ಹಿರಿಯರು ಬಂದು ಆಗಲೇ 230 ವರ್ಷ ಆಗಿತ್ತು. ಅಲ್ಲಿಗೆ ಆ ಕಥೆ ಮುಗಿಯಿತು. ಅಷ್ಟೇ ಅಲ್ಲ, 1892ರ ನಂತರ ಬಂದವರ ವಿಷಯದಲ್ಲೂ ಅದು ಹೊಂದುವುದಿಲ್ಲ. ಹೆಸರಿನ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ, ಹಡಗು ಕಂಪನಿಯವರ ಕೈಯಲ್ಲಿ. ಎಲ್ಲಿಸ್ ಐಲ್ಯಾಂಡಿನ ಅಧಿಕಾರಿ ಆ ಪಟ್ಟಿ ಹಿಡಿದು ಒಬ್ಬೊಬ್ಬರನ್ನು ಟಿಕ್ ಮಾಡುತ್ತಿದ್ದ. ಹೊಸ ಹೆಸರು ಕೊಡುವ ಅಧಿಕಾರ ಅವನಿಗಿರಲಿಲ್ಲ. ಹೆಸರು ಬದಲಿಸಿದವರು ಆಮೇಲೆ ಕೆಲಸಕ್ಕೋ ಶಾಲೆಗೋ ಸೇರುವಾಗ ತಾವೇ ಬದಲಿಸಿಕೊಂಡರು. ‘ಗುಮಾಸ್ತ ಮಾಡಿದ’ ಅಂದರೆ ಮನೆಯವರ ಮೇಲೆ ಹೊಣೆ ಬರುವುದಿಲ್ಲ, ಅಲ್ವಾ? ಕಥೆ ಬಾಳಿದ್ದು ಅದಕ್ಕೇ ಅಂತ ನನ್ನ ಅಂದಾಜು.

ಮೂವರು ಅಣ್ಣತಮ್ಮಂದಿರ ಕಥೆ ಇಲ್ಲಿನ ಎಷ್ಟೋ ಮನೆಗಳಲ್ಲಿದೆ. ಒಂದೇ ಹೆಸರಿನ ಮೂರು ಕುಟುಂಬ ಮೂರು ಊರಲ್ಲಿ ಕಂಡಾಗ ಯಾರೋ ಒಂದು ಗಂಟು ಹಾಕಿರುತ್ತಾರೆ. ನಿಮ್ಮ ವಿಷಯದಲ್ಲಿ ಬಂದವನು ಒಬ್ಬ ಅಪ್ಪ. ಆದರೆ ಅವನ ಗಂಡುಮಕ್ಕಳು ಬೇರೆ ಬೇರೆ ಕಡೆ ನೆಲೆಸಿದ್ದು ನಿಜ. ಆಲ್ಬರ್ಟ್ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಕಡೆ ಹೋದ, ಮೊಮ್ಮಕ್ಕಳಲ್ಲಿ ಹಲವರು ಇಲ್ಲಿನದೇ ರ‍್ಯಾರಿಟನ್ ಹೊಳೆ ದಂಡೆಗೆ ಬಂದರು. ಕಥೆಯಲ್ಲಿ ಅಷ್ಟು ಸತ್ಯ ಇದೆ. ಅದನ್ನು ಪೂರ್ತಿ ಬಿಸಾಡಬೇಡಿ.

ಲಾಂಛನ ಗೋಡೆಗೆ ಚೆನ್ನಾಗಿದ್ದರೆ ಇರಲಿ. ಲಾಂಛನ ಒಬ್ಬ ವ್ಯಕ್ತಿಗೆ, ಅವನ ವಂಶಕ್ಕೆ ಸೇರಿದ್ದೇ ಹೊರತು ಒಂದು ಹೆಸರಿಟ್ಟುಕೊಂಡ ಎಲ್ಲರಿಗೂ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯ ಜನರೂ ಲಾಂಛನ ಇಟ್ಟುಕೊಳ್ಳಬಹುದಿತ್ತು. ಹಾಗಾಗಿ ಅದು ಇದ್ದರೂ ಮನೆತನ ಶ್ರೀಮಂತರದ್ದು ಅಂತ ಹೇಳಲಾಗದು. ಮಾಲ್‌ನಲ್ಲಿ ಹೆಸರು ಹೇಳಿದ ಕೂಡಲೇ ಪ್ರಿಂಟ್ ತೆಗೆದು ಕೊಡುವ ಅಂಗಡಿಯದ್ದಾದರೆ ಅದು ಬರೀ ಅಲಂಕಾರ.

1200ನೇ ಇಸವಿಯ ವೃಕ್ಷದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಡ್ರೆಂಥದ ಹಳ್ಳಿ ರೈತನ ವಂಶಕ್ಕೆ 1600ರ ಹಿಂದೆ ಚರ್ಚ್ ದಾಖಲೆ ಸಿಗುವುದೇ ಅಪರೂಪ. ಸ್ಟೀವನ್‌ನ ಅಪ್ಪ ಕೂರ್ಟ್, ಅವನ ಅಪ್ಪ ಆಲ್ಬರ್ಟ್ ಅಂತ ಹೆಸರುಗಳೇ ಹೇಳುತ್ತವೆ. ಅದರಿಂದಾಚೆ ನಾನೂರು ವರ್ಷ ಯಾರಾದರೂ ತುಂಬಿಸಿದ್ದಾರೆ ಅಂದರೆ ಎಲ್ಲಿಂದ ತಂದರು ಅಂತ ಕೇಳಿ. ಒಬ್ಬರ ವೃಕ್ಷ ಇನ್ನೊಬ್ಬರು ನಕಲು ಮಾಡಿ, ಅದನ್ನು ಮೂರನೆಯವರು ಆಧಾರ ಅಂತ ತೋರಿಸುವುದು ಇಂಟರ್ನೆಟ್ಟಿನಲ್ಲಿ ದಿನನಿತ್ಯದ ಸಂಗತಿ. ಇಂಟರ್ನೆಟ್ ಬರುವ ಮೊದಲೂ ಇದಿತ್ತು. ನ್ಯೂಯಾರ್ಕಿನ ಗುಸ್ತಾವ್ ಆಂಜೂ ಎಂಬಾತ 1942ರಲ್ಲಿ ಸಾಯುವವರೆಗೆ ಹಣವಂತ ಅಮೆರಿಕನ್ನರಿಗೆ ಸುಳ್ಳು ವಂಶಾವಳಿ ಹೊಸೆದು ಮಾರಿದ. ಅವನು ಹುಟ್ಟಿಸಿದ ‘ಪೂರ್ವಜರು’ ಇವತ್ತಿಗೂ ಆನ್‌ಲೈನ್ ವೃಕ್ಷಗಳಲ್ಲಿ ಆರಾಮವಾಗಿ ಕೂತಿದ್ದಾರೆ.

ಇನ್ನು ನಿಜವಾದ ಕೆಲಸ. ಅಳಿಯನಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಒಂದು ತಲೆಮಾರಿಗೆ ಪುರಾವೆ ಸಿಗದೆ ಇನ್ನೊಂದಕ್ಕೆ ಕೈ ಹಾಕಬೇಡಿ. 1950ರ ಜನಗಣತಿಯವರೆಗೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. 72 ವರ್ಷ ಆಗುವವರೆಗೆ ಹೆಸರುಗಳನ್ನು ಗುಟ್ಟಾಗಿಡುವುದು ಇಲ್ಲಿನ ನಿಯಮ. ಬೀಗರ ಅಪ್ಪನೋ ತಾತನೋ ಅದರಲ್ಲಿ ಸಿಗಬೇಕು. ಅಲ್ಲಿಂದ ಹತ್ತು ಹತ್ತು ವರ್ಷ ಹಿಂದೆ ಹೋಗಿ. 1890ರದ್ದು ಸಿಗುವುದಿಲ್ಲ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಹಾಳಾಯಿತು. ಪುಣ್ಯಕ್ಕೆ ನ್ಯೂಜೆರ್ಸಿ ರಾಜ್ಯ ತನ್ನದೇ ಗಣತಿಯನ್ನು 1885ರಲ್ಲೂ 1895ರಲ್ಲೂ ಮಾಡಿದೆ. ಆ ಕಂದಕ ದಾಟಲು ಅವು ಸಾಕು. ಇವೆಲ್ಲ ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆ, ಒಂದು ಅಕೌಂಟ್ ಮಾಡಿಕೊಂಡರೆ ಆಯಿತು. ದುಡ್ಡು ಕೊಡಬೇಕಾದ ಆನ್ಸೆಸ್ಟ್ರಿ ತಾಣವನ್ನೂ ಅನೇಕ ಲೈಬ್ರರಿಗಳಲ್ಲಿ ಕೂತು ಪುಕ್ಕಟೆ ನೋಡಬಹುದು. ಮನೆಯಿಂದ ಚಂದಾ ಕಟ್ಟುವ ಮೊದಲು ನಿಮ್ಮೂರ ಲೈಬ್ರರಿಯಲ್ಲಿ ವಿಚಾರಿಸಿ.

1850 ತಲುಪಿದಾಗ ರಸ್ತೆ ಕಿರಿದಾಗುತ್ತದೆ. ಮನೆಯಲ್ಲಿರುವ ಸ್ವತಂತ್ರ ಜನರೆಲ್ಲರ ಹೆಸರು ಬರೆದ ಮೊದಲ ಜನಗಣತಿ ಅದೇ. ಅದಕ್ಕಿಂತ ಹಿಂದಿನದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ಲೆಕ್ಕ: ಹತ್ತು ವರ್ಷದೊಳಗಿನ ಹುಡುಗರು ಇಷ್ಟು, ಹುಡುಗಿಯರು ಇಷ್ಟು. ಸಾಲದ್ದಕ್ಕೆ ನ್ಯೂಜೆರ್ಸಿಯದ್ದು 1790ರಿಂದ 1820ರವರೆಗಿನ ನಾಲ್ಕೂ ಜನಗಣತಿ ಕಳೆದುಹೋಗಿವೆ, ಒಂದು ಕೌಂಟಿಯ (ನಮ್ಮ ಜಿಲ್ಲೆಯ ಥರ) ಒಂದು ವರ್ಷದ್ದು ಬಿಟ್ಟು. ರಾಜ್ಯ ಜನನ-ಮರಣ ನೋಂದಣಿ ಶುರು ಮಾಡಿದ್ದು 1848ರ ಮೇ ತಿಂಗಳಲ್ಲಿ. ನಾನು ಮೊದಲು ಹೇಳಿದ ತುಂಡು ರಸ್ತೆ ಇದೇ.

ಒಂದು ಉದಾಹರಣೆ ಹಿಡಿಯೋಣ. ಸುಮ್ನೆ ಕಲ್ಪನೆಯದು. 1850ರಲ್ಲಿ ಸಾಮರ್‌ಸೆಟ್ ಕೌಂಟಿಯಲ್ಲಿ ಜಾನ್ ವೊರ್ಹೀಸ್, 62 ವರ್ಷ, ರೈತ ಅಂತ ಸಿಕ್ಕ ಅಂದುಕೊಳ್ಳಿ. ಅಂದರೆ 1788ರ ಸುಮಾರಿಗೆ ಹುಟ್ಟಿದವನು. ಅವನ ಅಪ್ಪ ಯಾರು? ಡಚ್ಚರ ಪ್ರಾಟೆಸ್ಟಂಟ್ ಪಂಗಡವಾದ ಡಚ್ ರಿಫಾರ್ಮ್ಡ್ ಚರ್ಚುಗಳ ಬ್ಯಾಪ್ಟಿಸಂ, ಅಂದರೆ ಮಕ್ಕಳ ದೀಕ್ಷಾಸ್ನಾನದ ಪುಸ್ತಕ ತೆರೆಯಬೇಕು. ರ‍್ಯಾರಿಟನ್ ಚರ್ಚಿನದು 1699ರಿಂದ ಇದೆ, ಹಾರ್ಲಿಂಗನ್, ನ್ಯೂ ಬ್ರನ್ಸ್‌ವಿಕ್ ಚರ್ಚುಗಳದ್ದೂ ಇವೆ. ನೋಡಿದರೆ ಆಸುಪಾಸಿನ ವರ್ಷಗಳಲ್ಲಿ ಮೂವರು ನಾಲ್ವರು ಜಾನ್‌ಗಳು. ಯಾಕೆಂದರೆ ಡಚ್ಚರು ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುತ್ತಿದ್ದರು. ಒಬ್ಬ ತಾತನಿಗೆ ಐದು ಗಂಡುಮಕ್ಕಳಿದ್ದರೆ ಐವರು ಜಾನ್ ಮೊಮ್ಮಕ್ಕಳು! ಆನ್‌ಲೈನ್ ವೃಕ್ಷಗಳು ಇಲ್ಲಿ ತಮಗೆ ಇಷ್ಟವಾದ ಜಾನ್‌ನನ್ನು ಎತ್ತಿಕೊಂಡು ಮುಂದೆ ಹೋಗಿರುತ್ತವೆ.

ಬಿಡಿಸುವ ದಾರಿ ಇದೆ. ಹಳೆಯ ಡಚ್ ಚರ್ಚ್ ಪುಸ್ತಕಗಳಲ್ಲಿ ಮಗುವಿನ ತಾಯಿಯ ತವರಿನ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಹಲವೆಡೆ ಸಾಕ್ಷಿಗಳ ಹೆಸರೂ ಇರುತ್ತದೆ, ಅವರು ಎಷ್ಟೋ ಸಲ ಅಜ್ಜ-ಅಜ್ಜಿಯೇ. ಹಾಗಾಗಿ ಗಂಡಸರ ಹೆಸರಿನ ಹಿಂದೆ ಓಡಬೇಡಿ, ಹೆಂಗಸರ ಹೆಸರು ಹಿಡಿಯಿರಿ. ಐವರು ಜಾನ್‌ಗಳಿದ್ದರೂ ಐವರ ತಾಯಂದಿರು ಬೇರೆ. ಆಮೇಲೆ ಉಯಿಲುಗಳು. ‘ನನ್ನ ಮಗ ಜಾನ್‌ಗೆ ಹೊಳೆಯಾಚೆಯ ಜಮೀನು’ ಅಂತ ಒಂದು ಸಾಲು ಸಿಕ್ಕರೆ ಆ ಜಾನ್ ಯಾರು ಅಂತ ತೀರ್ಮಾನವಾಗುತ್ತದೆ. 1773ರಿಂದ 1822ರವರೆಗಿನ ಕಂದಾಯ ಪಟ್ಟಿಗಳೂ ಟ್ರೆಂಟನ್‌ನ ರಾಜ್ಯ ದಾಖಲೆ ಭಂಡಾರದಲ್ಲಿವೆ. ಎಲ್ಲ ಊರಿನದ್ದೂ ಎಲ್ಲ ವರ್ಷದ್ದೂ ಇಲ್ಲ. ಆದರೆ ಕಳೆದುಹೋದ ಜನಗಣತಿಗೆ ಬದಲಿ ಅಂತ ಇರುವುದು ಇವೇ. ಎಷ್ಟು ಎಕರೆ, ಎಷ್ಟು ಕುದುರೆ, ಎಷ್ಟು ದನ ಅಂತ ವರ್ಷ ವರ್ಷ ನೋಡುತ್ತ ಹೋದರೆ ಅಪ್ಪನ ಎಕರೆ ಕಡಿಮೆಯಾದ ವರ್ಷವೇ ಮಗನ ಹೆಸರು ಹೊಸದಾಗಿ ಕಾಣುವುದುಂಟು.

ಈ ದಾಖಲೆಗಳಲ್ಲಿ ಇನ್ನೊಂದು ಸಂಗತಿ ಎದುರಾಗಬಹುದು. ಅದನ್ನು ನಿಮ್ಮ ಬೀಗರು ಯಾರೂ ಹೇಳಿರಲಿಕ್ಕಿಲ್ಲ. ನ್ಯೂಜೆರ್ಸಿಯ ಡಚ್ ರೈತ ಕುಟುಂಬಗಳಲ್ಲಿ ಗುಲಾಮರನ್ನು ಇಟ್ಟುಕೊಂಡವರು ಬಹಳ. ಕಂದಾಯ ಪಟ್ಟಿಯಲ್ಲಿ ದನ-ಕುದುರೆಯ ಸಾಲಿನಲ್ಲೇ ಗುಲಾಮರ ಲೆಕ್ಕವೂ ಬರುತ್ತದೆ. ಉಯಿಲಿನಲ್ಲಿ ಹಾಸಿಗೆ, ಪಾತ್ರೆಯ ಜೊತೆ ಒಬ್ಬ ಹುಡುಗಿಯನ್ನು ಮಗಳಿಗೆ ಬರೆದುಕೊಟ್ಟಿರುತ್ತಾರೆ. ಈ ರಾಜ್ಯದ 1804ರ ಕಾನೂನು ಇದ್ದವರನ್ನು ಬಿಡಿಸಲಿಲ್ಲ. ಆ ವರ್ಷದ ಜುಲೈ 4ರ ನಂತರ ಹುಟ್ಟುವ ಮಕ್ಕಳು ಮಾತ್ರ, ಹೆಣ್ಣಾದರೆ 21 ವರ್ಷ, ಗಂಡಾದರೆ 25 ವರ್ಷ ದುಡಿದ ಮೇಲೆ ಸ್ವತಂತ್ರರು ಅಂದಿತು. ಇಲ್ಲಿ ಗುಲಾಮಗಿರಿ ಪೂರ್ತಿ ಮುಗಿದದ್ದು ಸಂವಿಧಾನದ 13ನೇ ತಿದ್ದುಪಡಿಯಿಂದ, 1865ರಲ್ಲಿ. ಇವತ್ತು ವೊರ್ಹೀಸ್ ಎಂಬ ಹೆಸರಿನ ಕಪ್ಪು ಕುಟುಂಬಗಳೂ ಇವೆ. ಒಂದೇ ಹೆಸರು ಅಂದರೆ ಒಂದೇ ರಕ್ತ ಅಂತಲೂ ಅಲ್ಲ, ಸಂಬಂಧವೇ ಇಲ್ಲ ಅಂತಲೂ ಅಲ್ಲ. ಹುಡುಗನ ವೃಕ್ಷಕ್ಕೆ ಇದೆಲ್ಲ ಈಗಲೇ ಬೇಕಾ ಅನ್ನುವುದು ಮನೆಯವರ ತೀರ್ಮಾನ. ಆದರೆ ಅಂಥ ಕಾಗದ ಸಿಕ್ಕರೆ ಅದರಲ್ಲಿರುವ ಹೆಸರನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಆ ಹುಡುಗಿಯ ವಂಶದವರಿಗೆ ಅದೊಂದೇ ಸುಳಿವು ಆಗಿರಬಹುದು. ಇಡೀ ದೇಶದ ಲೆಕ್ಕದಲ್ಲಿ ಹೆಚ್ಚಿನ ಕಪ್ಪು ಕುಟುಂಬಗಳ ಹೆಸರು ಜನಗಣತಿಯಲ್ಲಿ ಮೊದಲು ಬರುವುದೇ 1870ರಲ್ಲಿ.

ವಾಷಿಂಗ್ಟನ್ ಸೈನ್ಯದ ಕಥೆ ನಿಜ ಇರಬಹುದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ನ್ಯೂಜೆರ್ಸಿಯೇ ರಣರಂಗ. ಇದನ್ನು ನೋಡಲು ಪಿಂಚಣಿ ಫೈಲುಗಳಿವೆ. 1818ರ ಕಾನೂನು ಬಡ ಸೈನಿಕರಿಗೆ, 1832ರದ್ದು ಆರು ತಿಂಗಳಾದರೂ ಸೇವೆ ಮಾಡಿದವರಿಗೆ, 1836ರದ್ದು ವಿಧವೆಯರಿಗೆ ಪಿಂಚಣಿ ಕೊಟ್ಟಿತು. ಮುದುಕರು ಕೋರ್ಟಿನಲ್ಲಿ ನಿಂತು ಎಲ್ಲಿ ಹುಟ್ಟಿದೆ, ಯಾವ ಕ್ಯಾಪ್ಟನ್ ಕೈಕೆಳಗಿದ್ದೆ ಅಂತ ಹೇಳಿದ್ದನ್ನು ಬರೆದುಕೊಂಡಿದ್ದಾರೆ. ವಿಧವೆಯರು ಮದುವೆಯ ಪುರಾವೆಗೆ ಮನೆಯ ಬೈಬಲಿನಿಂದ ಹಾಳೆಯನ್ನೇ ಹರಿದು ಲಗತ್ತಿಸಿದ್ದಾರೆ. ಮಕ್ಕಳ ಹುಟ್ಟಿದ ದಿನಗಳು ಸಾಲಾಗಿ ಇರುವ ಹಾಳೆ! ಇವನ್ನು ರಾಷ್ಟ್ರೀಯ ದಾಖಲೆ ಭಂಡಾರ ಪುಕ್ಕಟೆ ಆನ್‌ಲೈನ್ ಹಾಕಿದೆ. ಒಂದು ಎಚ್ಚರ: ಫೈಲಿನಲ್ಲಿ ವೊರ್ಹೀಸ್ ಇದ್ದಾನೆ ಅಂದ ಮಾತ್ರಕ್ಕೆ ಅವನು ನಿಮ್ಮವನಲ್ಲ. ಮತ್ತೆ ಐವರು ಜಾನ್‌ಗಳ ಪ್ರಶ್ನೆಯೇ.

ಡಿಎನ್‌ಎ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ. ಹುಡುಗನ ಪರೀಕ್ಷೆ ಬೇಡ. ದೊಡ್ಡವನಾದ ಮೇಲೆ ಬೇಕಾದರೆ ಅವನೇ ಮಾಡಿಸಿಕೊಳ್ಳಲಿ. ಒಮ್ಮೆ ಕೊಟ್ಟ ಡಿಎನ್‌ಎ ಮಾಹಿತಿಯನ್ನು ಪಾಸ್‌ವರ್ಡ್ ಥರ ಬದಲಿಸಲು ಆಗುವುದಿಲ್ಲ. ಇಂಥ ಪರೀಕ್ಷೆ ಮಾಡುವ ಟ್ವೆಂಟಿಥ್ರೀ ಅಂಡ್ ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ಅದೂ ಅಲ್ಲದೆ ಜಾಹೀರಾತಿನಲ್ಲಿ ಬರುವ ಸಾಮಾನ್ಯ ಪರೀಕ್ಷೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದೂ ಇಲ್ಲ. ಪ್ರತಿ ತಲೆಮಾರಿಗೆ ಪಾಲು ಅರ್ಧ ಆಗುತ್ತ ಹೋಗಿ, 1660ರ ಒಬ್ಬ ಪೂರ್ವಜನಿಂದ ಇವತ್ತಿನವರಿಗೆ ಒಂದು ಚೂರೂ ಬರದೆ ಇರಬಹುದು.

ಕೆಲಸಕ್ಕೆ ಬರುವುದು ವೈ ಕ್ರೋಮೊಸೋಮ್ ಪರೀಕ್ಷೆ. ಅದು ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ, ಮನೆತನದ ಹೆಸರಿನ ಹಾಗೆ. ನಿಮ್ಮ ಬೀಗರೇ ಮಾಡಿಸಿದರೆ ಸಾಕು. ಸ್ಟೀವನ್‌ನ ವಂಶ ಅಂತ ಕಾಗದದಲ್ಲಿ ಖಚಿತವಾದ ಇನ್ನೊಬ್ಬ ಗಂಡಸಿನ ಜೊತೆ ಹೊಂದಿಕೆಯಾದರೆ ಗಂಡು ಸಾಲು ಒಂದೇ ಅಂತ ತಿಳಿಯುತ್ತದೆ. ಯಾವ ಮಗನ ಕವಲು ಅಂತ ಸಾಮಾನ್ಯವಾಗಿ ಹೇಳದು. ಹೊಂದದೆಯೂ ಹೋಗಬಹುದು. ನಡುವೆ ಎಲ್ಲೋ ಒಬ್ಬ ದತ್ತು ಮಗ, ಇಲ್ಲ ತಾಯಿಯ ಹೆಸರು ಪಡೆದ ಮಗ ಇದ್ದರೆ ಹಾಗಾಗುತ್ತದೆ. ಅದಕ್ಕೂ ಹತ್ತಿರದ ಗುಟ್ಟುಗಳು ಹೊರಬಿದ್ದು ಮನೆಗಳಲ್ಲಿ ಮಾತು ನಿಂತದ್ದನ್ನು ನಾನು ಕಂಡಿದ್ದೇನೆ. ಬೀಗರು ಒಪ್ಪುವ ಮುಂಚೆ ಇದನ್ನು ಅವರಿಗೆ ಹೇಳಿ. ಕಾಗದದ ಹುಡುಕಾಟ ಪೂರ್ತಿ ನಿಂತ ಮೇಲೆ ಮಾತ್ರ ಇದಕ್ಕೆ ದುಡ್ಡು ಹಾಕಿ.

ಹುಡುಗನ ಶಾಲೆ ಕೆಲಸಕ್ಕೆ ಇಷ್ಟೆಲ್ಲ ಬೇಡ. ನಾಲ್ಕು ತಲೆಮಾರು ಪುರಾವೆಯೊಂದಿಗೆ ಬರೆಯಲಿ. ಅದರ ಮೇಲೆ ಚುಕ್ಕೆ ಗೆರೆ ಎಳೆದು ‘1660, ಮಚ್ಚೆ ಹಸು ಹಡಗು, ಇನ್ನೂ ಹುಡುಕುತ್ತಿದ್ದೇವೆ’ ಅಂತ ಹಾಕಲಿ. ಐದನೇ ಕ್ಲಾಸಿನ ಹುಡುಗನಿಗೆ ಹಸುವಿನ ಹೆಸರಿನ ಹಡಗು ಲಾಂಛನಕ್ಕಿಂತ ಜಾಸ್ತಿ ಇಷ್ಟವಾಗುತ್ತದೆ. ನೀವು ಬೀಗರ ಮನೆಗೆ ಹೋದಾಗ ಹಳೆಯ ಬೈಬಲ್ ಇದೆಯಾ, ಯಾರನ್ನು ಯಾವ ಚರ್ಚಿನಲ್ಲಿ ಮಣ್ಣು ಮಾಡಿದ್ದಾರೆ ಅಂತ ಕೇಳಿ. ಅವರ ತಾತನ ಅಪ್ಪನ ಹೆಸರು, ಅವರ ಹೆಂಡತಿಯ ತವರಿನ ಹೆಸರು, ಯಾವ ಕೌಂಟಿ ಎಂಬ ಮೂರು ಸಂಗತಿ ಗೊತ್ತಾದರೆ ನನಗೆ ಬರೆಯಿರಿ. ಯಾವ ಚರ್ಚಿನ ಪುಸ್ತಕ ಮೊದಲು ತೆರೆಯಬೇಕು ಅಂತ ಆಗ ಹೇಳುತ್ತೇನೆ.